ಇದು ಅಭ್ಯಾಸ ಮಾತ್ರ

ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳನ್ನು ಜಾಲಾಡಿದರೂ ಅಣುವಿಕಿರಣದಿಂದ ಸತ್ತ ಒಂದು ಸೊಳ್ಳೆಯೂ ನಿಮಗೆ ಸಿಗುವುದಿಲ್ಲ. ಇದರ ಪೂರ್ತಿ ಶ್ರೇಯಸ್ಸು ನಮ್ಮ ಸೋದರಮಾವನದು ಎಂದರೆ ನಗುತ್ತೀರಿ. ನಗಿ, ನಿಮಗೇನು! ಅವರ ಜೊತೆ ಬೀದಿಯಲ್ಲಿ ನಡೆಯಬೇಕಾದವನು ನಾನು.

ಮಾವ ದೂರದ ಒಂದು ಅಣು ವಿದ್ಯುತ್ ಸ್ಥಾವರದಲ್ಲಿದ್ದವರು. ಅಪಾಯ ಬಂದರೆ ಏನು ಮಾಡಬೇಕೆಂಬುದನ್ನು ಅಪಾಯ ಬರುವ ಮೊದಲೇ ಆಡಿ ನೋಡುವ ಅಣಕು ಕಾರ್ಯಾಚರಣೆ ಅಲ್ಲಿ ನಡೆಯುತ್ತದಂತೆ. ಅದರ ಯೋಜನೆ ಹಾಕುವುದು ಮಾವನ ಕೆಲಸ. ಯಾವ ಕೊಳವೆ ಸೋರಬೇಕು, ಯಾರು ತಲೆಸುತ್ತಿ ಬೀಳಬೇಕು, ಗಾಳಿ ಎತ್ತ ಬೀಸಿದರೆ ಜನ ಎತ್ತ ನಡೆಯಬೇಕು ಎಂದು ವಾರಗಟ್ಟಲೆ ಕೂತು ಕಲ್ಪಿಸುತ್ತಿದ್ದರು. ಒಬ್ಬ ಮನುಷ್ಯ ಸಂಬಳ ತೆಗೆದುಕೊಂಡು ಅನಿಷ್ಟವನ್ನೇ ಯೋಚಿಸುತ್ತ ಕೂತರೆ ಮುಂದೆ ಅವನ ಗತಿ ಏನಾಗಬೇಡ?

ಅವರದು ಎರಡು ಕಟ್ಟುನಿಟ್ಟು. ಒಂದು, ಯಾವ ಸುದ್ದಿ ಹೇಳಿದರೂ ಮೊದಲು ಮತ್ತು ಕೊನೆಗೆ 'ಇದು ಅಭ್ಯಾಸ ಮಾತ್ರ' ಎನ್ನಬೇಕು. ಅಭ್ಯಾಸವಲ್ಲದಾಗ ಹಾಗೆಂದವನನ್ನು ಕೆಲಸದಿಂದಲೇ ತೆಗೆಯಬೇಕು ಎನ್ನುವಷ್ಟು ಕಟ್ಟುನಿಟ್ಟು. ಇನ್ನೊಂದರ ಹಿಂದೆ ಒಂದು ಕಥೆಯಿದೆ. ಒಮ್ಮೆ ಗಾಯಾಳುವಿನ ಪಾತ್ರ ಮಾಡಿದವನು ಮರದ ನೆರಳಲ್ಲಿ ಮಲಗಿ ಹಾಗೇ ನಿದ್ದೆ ಹೋದ. ಉಳಿದವರೆಲ್ಲ ಕಾರ್ಯಾಚರಣೆ ಯಶಸ್ವಿ ಎಂದು ಕೈಕುಲುಕಿ, ಊಟ ಮಾಡಿ ಹೊರಟುಹೋದರು. ಅವನು ಸಂಜೆ ಎದ್ದು ಒಬ್ಬನೇ ನಡೆದುಕೊಂಡು ಮನೆಗೆ ಹೋದ. "ಗಾಯಾಳುವನ್ನೇ ಮರೆತ್ವಲ್ಲೋ" ಎಂದು ಮಾವ ಇವತ್ತಿಗೂ ತಮ್ಮ ಕಿವಿ ತಾವೇ ಹಿಂಡಿಕೊಳ್ಳುತ್ತಾರೆ. ಅಂದಿನಿಂದ ಗಾಯಾಳುವಿನ ಕೈಯನ್ನು ಯಾರಾದರೂ ಒಬ್ಬರು ಹಿಡಿದೇ ಇರಬೇಕು, ಎಲ್ಲ ಮುಗಿಯುವವರೆಗೆ ಬಿಡುವಂತಿಲ್ಲ.

ನಿವೃತ್ತರಾಗಿ ಶಿಕಾರಿಪುರದಲ್ಲಿ ಮನೆ ಮಾಡಿದರು. ಸ್ಥಾವರ ಅಲ್ಲೇ ಉಳಿಯಿತು, ಕಾರ್ಯಾಚರಣೆ ಶುರುವಿಗೆ ಊದುತ್ತಿದ್ದ ಶಿಳ್ಳೆ ಮಾತ್ರ ಕೊರಳಲ್ಲಿ ಬಂತು. ಗಾಳಿಯ ದಿಕ್ಕು ನೋಡಲು ಅತ್ತೆಯ ಹಳೇ ಸೀರೆಯ ಅಂಚು ತಾರಸಿಯ ಕೋಲಿಗೇರಿತು. ಅಷ್ಟರಲ್ಲಿ ಅತ್ತೆಯ ಹೃದಯ ಸ್ವಲ್ಪ ಸೋತಿದೆ, ಹುಷಾರಾಗಿರಿ ಎಂದು ಡಾಕ್ಟರು ಹೇಳಿದರು ನೋಡಿ, ಗಾಯಾಳುವಿನ ಪಾತ್ರ ಕಾಯಂ ಆಗಿ ಅತ್ತೆಗೆ ಬಂತು. ಅವರನ್ನು ಬೆಡ್‌ಶೀಟಿನಲ್ಲಿ ಎತ್ತಿ ಗೇಟಿಗೆ ತರುವುದು, ಎದುರು ಮನೆಯ ಆಟೋ ಭಾಯಿ ಗಾಡಿ ತಿರುಗಿಸಿ ನಿಲ್ಲಿಸುವುದು. ಸೊರಬದಿಂದ ನಾನು ಹೋದಾಗಲೆಲ್ಲ ಕಾಲಿನ ಕಡೆ ನನ್ನದು.

"ಗಾಯಾಳು ನಗಬಾರ್ದು ಕಣೇ," ಎಂದು ಮಾವ ಗದರುವರು.

"ಏನ್ಮಾಡ್ಲಿ ರೀ, ಇವ್ನು ಪಾದ ಹಿಡ್ದ್ರೆ ಕಚಗುಳಿ ಆಗತ್ತೆ."

ಇಷ್ಟು ಮನೆಯೊಳಗೆ ಮುಗಿದಿದ್ದರೆ ನಾನೇಕೆ ಬರೆಯುತ್ತಿದ್ದೆ? ಆಟೋ ಕೆಟ್ಟರೆ ಏನು ಗತಿ ಎಂದು ಆಸ್ಪತ್ರೆಯವರೆಗೆ ನಡೆದು ನೋಡುವ ಅಭ್ಯಾಸವೂ ಇತ್ತು. ಆ ವಯಸ್ಸಿನಲ್ಲಿ, ಬಸ್‌ಸ್ಟ್ಯಾಂಡಿನ ಮುಂದೆ, ಹೆಂಡತಿಯ ಕೈ ಹಿಡಿದುಕೊಂಡು! ಅಂಗಡಿಯವರು ತಕ್ಕಡಿ ಬಿಟ್ಟು ನೋಡುತ್ತಿದ್ದರು. ಶಿರಾಳಕೊಪ್ಪದ ಬಸ್ಸಿನ ಕಿಟಕಿಯಿಂದ ಒಮ್ಮೆ ನನ್ನ ಶಿಷ್ಯನೊಬ್ಬನ ತಂದೆ ಇಣುಕಿ ಕೈಮುಗಿದರು. ಸೊರಬದಲ್ಲಿ ಮೇಷ್ಟ್ರು ಎನಿಸಿಕೊಂಡವನು ಯಾವ ಮುಖದಲ್ಲಿ ಮರುನಮಸ್ಕಾರ ಮಾಡಲಿ? ಅಂದಿನಿಂದ ಅವರಿಂದ ದೂರ ಬಿದ್ದು, ಅಂಗಡಿಗಳ ಬೋರ್ಡು ಓದಿಕೊಂಡು ನಡೆಯುವುದನ್ನು ಕಲಿತೆ.

ನನ್ನ ಮಗಳ ನಿಶ್ಚಿತಾರ್ಥ ಸೊರಬದಲ್ಲೇ ನಡೆಯಿತು. ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಸರಿಯಾಗಿ ಶಿಳ್ಳೆ ಕೇಳಿತು. "ಇದು ಅಭ್ಯಾಸ ಮಾತ್ರ. ಎಲ್ಲರೂ ಗಾಳಿಗೆ ಎದುರಾಗಿ ನಡೀರಿ. ಇದು ಅಭ್ಯಾಸ ಮಾತ್ರ." ಗಾಳಿ ಅಡುಗೆಮನೆಯ ಕಡೆಯಿಂದ ಬೀಸುತ್ತಿತ್ತು. ಗಂಡಿನ ಕಡೆಯವರೆಲ್ಲ ಎಂಜಲುಗೈಯಲ್ಲೇ ಎದ್ದು ಒಲೆಗಳ ನಡುವೆ ಹೋಗಿ ನಿಂತರು. ಭಟ್ಟರು ಸೌಟು ಹಿಡಿದು ಸಾರಿನ ಕೊಳಗಕ್ಕೆ ಕಾವಲು ನಿಂತರು. ಬೀಗರಾಗುವವರು ನನ್ನನ್ನು ಕೇಳಿದರು, "ಇವ್ರು ನಿಮ್ಗೇನಾಗ್ಬೇಕ್ರೀ?"

ನಾಚಿಕೆಯಿಂದ ನೆಲ ನೋಡುತ್ತ ನಿಂತೆ. ಅತ್ತೆಯೇ ಮುಂದೆ ಬಂದು, "ನಮ್ಮೆಜಮಾನ್ರು ಕಣ್ರೀ. ನೀವು ಹೋಳಿಗೆ ಮುಗಿಸ್ಕೊಳ್ರಿ, ಅಪಾಯ ಆಮೇಲೆ ಬರ್ತದೆ," ಎಂದರು. ಬೀಗರು ನಕ್ಕುಬಿಟ್ಟರು. ನನಗೆ ಮಾತ್ರ ನಗು ಬರಲಿಲ್ಲ.

ಅತ್ತೆ ಹೇಳಿದಂತೆ ಅದು ಆಮೇಲೆಯೇ ಬಂತು. ಅತ್ತೆ ಬದುಕಿದರು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮೊನ್ನೆ ಶಿಕಾರಿಪುರಕ್ಕೆ ಹೋಗಿದ್ದೆ. ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆ ತರುತ್ತಿದ್ದ ಅತ್ತೆ ಎದೆ ಹಿಡಿದುಕೊಂಡು ಬಾಗಿಲಲ್ಲೇ ಕುಸಿದರು. ಮಾವ ಶಿಳ್ಳೆ ಊದಲಿಲ್ಲ. ಗಾಳಿ ನೋಡಲಿಲ್ಲ. ಬೆಡ್‌ಶೀಟ್ ತಂದವನು ನಾನೇ. ಎತ್ತಿದಾಗ ಪಾದ ನನ್ನ ಕೈಯಲ್ಲಿತ್ತು, ಅತ್ತೆ ನಗಲಿಲ್ಲ.

ಪಕ್ಕದವರು ಕಾಂಪೌಂಡಿನಿಂದ "ಏನ್ ಸಾರ್, ಇವತ್ತೂ ಶುರುವಾ?" ಎಂದು ನಕ್ಕರು. ಭಾಯಿ ನಮ್ಮ ಮುಖ ನೋಡಿ ಆಟೋ ತಿರುಗಿಸಿದರು.

ದಾರಿಯಲ್ಲಿ ಅತ್ತೆ ಕಣ್ಣು ತೆರೆದರು. ಅಂಥ ಹೆದರಿದ ಕಣ್ಣುಗಳನ್ನು ನಾನು ಅವರಲ್ಲಿ ಎಂದೂ ಕಂಡಿರಲಿಲ್ಲ. "ರೀ, ಇದು ನಿಜಾನಾ?" ಎಂದರು.

ಮಾವ ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಇಲ್ಲ ಕಣೇ. ಇದು ಅಭ್ಯಾಸ ಮಾತ್ರ."

ಆಯುಷ್ಯವಿಡೀ ಯಾರಲ್ಲೂ ಕ್ಷಮಿಸದ ತಪ್ಪನ್ನು ಮಾವ ಮಾಡಿಬಿಟ್ಟಿದ್ದರು. ಅತ್ತೆ ಅವರ ಮುಖವನ್ನೇ ನೋಡಿ, "ಹಂಗಾರೆ ಕೈ ಬಿಡ್ಬ್ಯಾಡ್ರಿ," ಎಂದು ಕಣ್ಣು ಮುಚ್ಚಿಕೊಂಡರು.

ಆಸ್ಪತ್ರೆಯ ಒಳಬಾಗಿಲಲ್ಲಿ ನರ್ಸಮ್ಮ ತಡೆದರು. "ಕೈ ಬಿಡಿ ಸಾರ್, ಹೊರಗಿರಿ." ಮಾವ ಬಿಡಲಿಲ್ಲ. "ಇನ್ನೂ ಮುಗ್ದಿಲ್ಲ ಕಣಮ್ಮಾ, ಮುಗಿಯೋವರ್ಗೂ ಬಿಡೋ ಹಂಗಿಲ್ಲ," ಎಂದು ಅದನ್ನೇ ಹೇಳುತ್ತಿದ್ದರು. ಕೊರಳಲ್ಲಿ ಶಿಳ್ಳೆ, ಪಂಚೆಯ ತುಂಬ ಉಪ್ಪಿಟ್ಟು. ಸುತ್ತ ಜನ ಸೇರಿದರು. ನರ್ಸಮ್ಮ ಸೋತು ನನ್ನ ಕಡೆ ತಿರುಗಿದರು.

"ಇವ್ರು ನಿಮ್ಗೇನಾಗ್ಬೇಕ್ರೀ?"

"ನಮ್ಮ ಮಾವ ಕಣ್ರೀ," ಎಂದೆ, ಅಲ್ಲಿದ್ದವರಿಗೆಲ್ಲ ಕೇಳುವ ಹಾಗೆ. "ಅವರನ್ನೂ ಒಳಗೆ ಬಿಡಿ."