ಸಮುದ್ರಕ್ಕೆ ಹನ್ನೊಂದು ಹೆಜ್ಜೆ

ಸುಮ್ಮನೆ ಕೂರುವುದು ಸುಲಭ ಎನ್ನುವವರು ಅದನ್ನು ಒಮ್ಮೆಯೂ ಮಾಡಿ ನೋಡಿದವರಲ್ಲ. ನನ್ನ ಮಟ್ಟಿಗೆ ಅದು ಈಜು, ಸಂಗೀತ, ಸಮಯಕ್ಕೆ ಸರಿಯಾಗಿ ಒಂದು ಸುಳ್ಳು ಹೇಳುವುದು ಮೊದಲಾದ ವಿದ್ಯೆಗಳ ಸಾಲಿಗೆ ಸೇರಿದ್ದು. ಚಿಕ್ಕಂದಿನಲ್ಲಿ ಕಲಿಯದಿದ್ದರೆ ಆಮೇಲೆ ಹತ್ತುವುದಿಲ್ಲ. ನಾನು ಕಲಿತಿರಲಿಲ್ಲ. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಕಲಿಯಲು ಹೊರಟೆ, ಕಾಪುವಿನ ಆಚೆಗೆ, ಜನವಿಲ್ಲದ ಒಂದು ಕಡಲ ಬದಿಗೆ, ಮೂರು ದಿನದ ಮಟ್ಟಿಗೆ. ಅಲ್ಲಿ ಆದದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಇದ್ದದ್ದನ್ನು ಇದ್ದ ಹಾಗೆ ಹೇಳುವ ಚಟದಿಂದಲೇ ಇಷ್ಟೆಲ್ಲ ಆಯಿತೆಂದು ಈಗ ಗೊತ್ತಿದೆ. ಆದರೂ ಬೇರೆ ರೀತಿ ಬರೆಯಲು ಬರುವುದಿಲ್ಲ.

ನಾನು ಕಾರ್ಕಳದ ಹೊರಗಿನ ಒಂದು ವೇಬ್ರಿಡ್ಜ್‌ನಲ್ಲಿ ಲಾರಿಗಳ ತೂಕ ಬರೆಯುವವನು. ಲಾರಿ ಬಂದು ನಿಲ್ಲುತ್ತದೆ, ಅಂಕೆ ಮೂಡುತ್ತದೆ, ಚೀಟಿ ಕೊಡುತ್ತೇನೆ. ಇಪ್ಪತ್ತೆರಡು ವರ್ಷಗಳಿಂದ ಇದೇ. "ಹತ್ತು ಕಿಲೋ ಹೆಚ್ಚುಕಮ್ಮಿ ಎಂತ ಆಗ್ತದೆ ಮಾರಾಯ್ರೆ" ಎಂದು ಡ್ರೈವರುಗಳು ಕೇಳುವುದುಂಟು. ಏನೂ ಆಗುವುದಿಲ್ಲ, ಆದರೆ ನನ್ನ ಕೈ ಬರೆಯುವುದಿಲ್ಲ. ಇದು ಕೆಲಸದ ಹೊತ್ತಿಗೆ ಮಾತ್ರ ಇದ್ದಿದ್ದರೆ ಚಿಂತೆಯಿರಲಿಲ್ಲ. ನನ್ನ ಸೋದರಮಾವ ಮಣಿಪಾಲದಲ್ಲಿ ಆಸ್ಪತ್ರೆಯಲ್ಲಿದ್ದಾಗ ನೋಡಲು ಬಂದವರೆಲ್ಲ "ಈಗ ಮುಖದಲ್ಲಿ ಕಳೆ ಬಂದಿದೆ" ಎಂದು ಹೇಳಿ ಕಿತ್ತಳೆ ಇಟ್ಟು ಹೋದರು. ಮಾವ ನನ್ನನ್ನು ಕೇಳಿದರು, "ನೀನು ಹೇಳು, ಹೇಗಿದ್ದೇನೆ?" ನಾನು ಮಂಚದ ತುದಿಗೆ ತೂಗಿಹಾಕಿದ್ದ ಹಾಳೆ ನೋಡಿ, "ಹೋದ ವಾರಕ್ಕಿಂತ ಎರಡು ಕಿಲೋ ಇಳಿದಿದ್ದೀರಿ" ಎಂದೆ. ಅತ್ತೆ ನನ್ನ ಕೈಗೆ ಒಂದು ಕಿತ್ತಳೆ ಕೊಟ್ಟು, ಬಸ್ಸಿಗೆ ಹೊತ್ತಾಯಿತೆಂದು ನೆನಪಿಸಿದರು. ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಅದನ್ನೂ ಹೇಳಿದೆ.

ಆಗಸ್ಟ್ ತಿಂಗಳಲ್ಲಿ ವೇಬ್ರಿಡ್ಜ್‌ನ ಹಲಗೆ ಎತ್ತಿ ರಿಪೇರಿ ಮಾಡುವುದಕ್ಕಾಗಿ ಮೂರು ದಿನ ಬಾಗಿಲು ಹಾಕಿದರು. ಪರ್ಕಳದ ನನ್ನ ಬಾಡಿಗೆ ರೂಮಿನಲ್ಲಿ ಕೂತು ಮೊದಲ ದಿನದ ಬೆಳಗಿನಲ್ಲೇ ಎದುರು ಮನೆಯ ಮಾಡಿನ ಹಂಚು ಎಣಿಸಿ ಮುಗಿಸಿದ್ದೆ. ಮೇಲಿನ ರೂಮಿನಲ್ಲಿ ಮಣಿಪಾಲದಲ್ಲಿ ಓದುವ ಒಬ್ಬ ಹುಡುಗಿ ಇದ್ದಾಳೆ, ಅವಳು ನನ್ನನ್ನು ನೋಡಿ, "ಅಂಕಲ್, ನೀವು ಎಲ್ಲಿಗಾದ್ರೂ ಹೋಗಿ. ಬಸ್ಸಲ್ಲಿ ಹೋಗಿ, ಯಾರ ಮನೇಲಾದ್ರೂ ಉಳೀರಿ, ಏನೂ ಮಾಡ್ಬೇಡಿ. ಖರ್ಚೇ ಇಲ್ಲ" ಎಂದು ತನ್ನ ದೊಡ್ಡ ಬೆನ್ನುಚೀಲವನ್ನೂ ಕೊಟ್ಟಳು. ನನ್ನ ಬಟ್ಟೆ, ಕೊಡೆ, ಟಾರ್ಚು, ನೋಟ್‌ಬುಕ್ ಹಾಕಿದ ಮೇಲೆಯೂ ಅದರಲ್ಲಿ ಇನ್ನೊಬ್ಬ ಸಣ್ಣ ಮನುಷ್ಯನಿಗೆ ಜಾಗವಿತ್ತು. ಉಡುಪಿಯಲ್ಲಿ ಸರ್ವಿಸ್ ಬಸ್ಸು ಹತ್ತಿದಾಗ ಕಂಡಕ್ಟರ್ ಚೀಲವನ್ನೂ ನನ್ನನ್ನೂ ನೋಡಿ, "ಎಂತ, ದುಬೈಗಾ?" ಎಂದ. "ಕಾಪುವಿಗೆ" ಎಂದೆ. "ಎಷ್ಟು ವರ್ಷಕ್ಕೆ?" ಎಂದ.

ಮಳೆಗಾಲದಲ್ಲಿ ಕಡಲ ಬದಿಗೆ ಯಾರೂ ಹೋಗುವುದಿಲ್ಲ. ಅಲ್ಲಿ ಬಾಡಿಗೆ ಅಗ್ಗ, ಸದ್ದಿಲ್ಲ ಎನ್ನುವುದಕ್ಕೆ ಕಾರಣ ಅಷ್ಟೇ ಎಂದು ತಿಳಿದಿದ್ದೆ. ಕೋಣೆ ಬಾಡಿಗೆಗೆ ಕೊಡುವ ಕಲ್ಯಾಣಿ ಅಕ್ಕನ ಮನೆ ತಲುಪಿದಾಗ ಇನ್ನೊಂದು ಕಾರಣ ಗೊತ್ತಾಯಿತು. ಆ ಸಾಲಿನಲ್ಲಿ ಮೊದಲು ಆರು ಮನೆಗಳಿದ್ದವಂತೆ. ಈಗ ಇದ್ದದ್ದು ಅವರದ್ದು ಒಂದು, ರಸ್ತೆಯ ಆಚೆ ಬದಿಯಲ್ಲಿ ಮೊಯ್ದಿನ್ ಬ್ಯಾರಿಯ ಅಂಗಡಿ ಒಂದು. ಕಲ್ಯಾಣಿ ಅಕ್ಕ ಮೀನು ಮಾರಿ ಮಗನನ್ನು ಸಾಕಿದವರು. ಮಗ ಈಗ ಮಲ್ಪೆಯಿಂದ ಹೋಗುವ ದೊಡ್ಡ ಬೋಟಿನಲ್ಲಿದ್ದಾನೆ, ಮಂಡಿನೋವಿನಿಂದ ಇವರು ಬುಟ್ಟಿ ಹೊರುವುದನ್ನು ಬಿಟ್ಟಿದ್ದಾರೆ.

"ಎರಡು ಕೋಣೆ ಉಂಟು" ಎಂದರು. "ಒಂದರಲ್ಲಿ ನಾನು, ಒಂದರಲ್ಲಿ ನೀವು. ಮೂರನೆಯದೂ ಇತ್ತು, ಅಡಿಗೆಯದ್ದು. ಹೋದ ವರ್ಷ ಆಟಿ ತಿಂಗಳ ಮಳೆಯಲ್ಲಿ ಕಡಲಿಗೆ ಬೇಕಾಯ್ತು, ತೆಗೊಂಡು ಹೋಯ್ತು."

"ತಡೆಗೆ ಕಲ್ಲು ಹಾಕಿಲ್ಲವಾ?"

"ಹಾಕಿದ್ದಾರಪ್ಪ. ಕಾರ್ಕಳದಿಂದ ಲಾರಿ ಲಾರಿ ತಂದು ಹಾಕಿದ್ರು. ಅದು ಮರಳಿನ ಒಳಗೆ ಹೋಯ್ತು. ಕಡಲು ಎಂತ ಕೊಟ್ಟರೂ ತಿನ್ತದೆ, ಬಂದವರ ಹತ್ರ ಕೇಳುವ ಹಾಗೆ ಮೀನು ಆಗ್ತದಾ, ಮೊಟ್ಟೆ ಆಗ್ತದಾ ಅಂತ ಅದರ ಹತ್ರ ಕೇಳ್ಬೇಕಂತ ಇಲ್ಲ."

ಆ ಕಲ್ಲುಗಳಲ್ಲಿ ಕೆಲವುಗಳ ತೂಕ ಬರೆದವನು ನಾನೇ ಇರಬೇಕು. ಹೇಳಲಿಲ್ಲ. ಚೀಲ ಇಳಿಸಿ, ಹೊರಗೆ ಒಂದು ಮುರಿದ ದೋಣಿಯ ಮೇಲೆ ವಿಶ್ರಾಂತಿಗೆ ಕೂತೆ. ಕಡಲು ಕೆಸರಿನ ಬಣ್ಣಕ್ಕೆ ತಿರುಗಿತ್ತು. ಹತ್ತು ನಿಮಿಷ ನೋಡಿದೆ. ಆಮೇಲೆ, ಅಲೆ ಎಲ್ಲಿಯವರೆಗೆ ಬರುತ್ತದೆಂದು ತಿಳಿದರೆ ಮನಸ್ಸಿಗೆ ಸಮಾಧಾನವೆಂದು, ತೆಂಗಿನ ಗರಿಯ ಕಡ್ಡಿಗಳನ್ನು ಮರಳಿನಲ್ಲಿ ಸಾಲಾಗಿ ಊರಿದೆ. ಯಾವ ಅಲೆ ಯಾವ ಕಡ್ಡಿ ಮುಟ್ಟಿತೆಂದು ನೋಟ್‌ಬುಕ್ಕಿನಲ್ಲಿ ಬರೆದೆ. ಸಂಜೆಯವರೆಗೆ ಬರೆದೆ. ಅಷ್ಟು ನೆಮ್ಮದಿಯ ದಿನ ನನಗೆ ಬಹಳ ಕಾಲದಿಂದ ಸಿಕ್ಕಿರಲಿಲ್ಲ.

ಇದನ್ನೆಲ್ಲ ಮೊಯ್ದಿನ್ ಬ್ಯಾರಿ ಅಂಗಡಿಯ ಬಾಗಿಲಿನಿಂದ ನೋಡುತ್ತಿದ್ದರು. ಚಹಾಕ್ಕೆ ಹೋದಾಗ ಗ್ಲಾಸನ್ನು ಎರಡು ಸಲ ತೊಳೆದು ಕೊಟ್ಟರು. "ಸರ್, ನೀವು ಮೇಲಿನಿಂದಲಾ?" ಎಂದು ಮೆಲ್ಲಗೆ ಕೇಳಿದರು. ಪರ್ಕಳ ಎತ್ತರದಲ್ಲೇ ಇದೆಯಲ್ಲ, "ಹೌದು, ಆದರೆ ಈಗ ರಜೆಯಲ್ಲಿ ಬಂದದ್ದು" ಎಂದೆ. ಅವರು ತಲೆಯಾಡಿಸಿದರು. ಗುಟ್ಟಾಗಿ ತನಿಖೆಗೆ ಬಂದ ಅಧಿಕಾರಿ ಬೇರೆ ಏನು ಹೇಳಿಯಾನು? ಇದು ನನಗೆ ಹೊಳೆದದ್ದು ಮರುದಿನ ರಾತ್ರಿಯ ಊಟದ ಹೊತ್ತಿಗೆ. ಅಷ್ಟರಲ್ಲಿ ಆಗಬೇಕಾದದ್ದು ಆಗಿತ್ತು.

ಮರುದಿನ ಹನ್ನೊಂದು ಗಂಟೆಗೆ ತಾಲೂಕು ಕಚೇರಿಯಿಂದ ಒಬ್ಬರು ಸ್ಕೂಟರಿನಲ್ಲಿ ಬಂದರು. ಕಡಲ್ಕೊರೆತದಿಂದ ಮನೆ ಕಳೆದುಕೊಂಡವರ ಪಟ್ಟಿ ಆ ಸಂಜೆ ಹೋಗಬೇಕಿತ್ತು. ಪಟ್ಟಿಯಲ್ಲಿ ಹೆಸರಿದ್ದವರಿಗೆ ಮೇಲೆ ಗುಡ್ಡೆಯಲ್ಲಿ ಮೂರು ಸೆಂಟ್ಸ್ ಜಾಗ, ಮನೆ ಕಟ್ಟಲು ಸಹಾಯ. ಪಟ್ಟಿಗೆ ಸೇರುವುದು ಪೂರ್ಣ ಹಾನಿಯಾದ ಮನೆಗಳು ಮಾತ್ರ. ಅದಕ್ಕೆ ಸ್ಥಳದಲ್ಲೇ ಒಂದು ಮಹಜರು ಬರೆಯಬೇಕು, ಮನೆಯವರಲ್ಲದ ಇಬ್ಬರು ಸಾಕ್ಷಿ ಸಹಿ ಹಾಕಬೇಕು. ಮೊಯ್ದಿನ್ ಬ್ಯಾರಿ ಒಬ್ಬರು ಆದರು. ಎರಡನೆಯವರಿಗಾಗಿ ಸುತ್ತ ನೋಡಿದರೆ ಇದ್ದದ್ದು ಕಡಲು ಮತ್ತು ನಾನು.

ಆ ಮನುಷ್ಯ ಒಳ್ಳೆಯವರು. ಇದನ್ನು ಸ್ಪಷ್ಟವಾಗಿ ಹೇಳಬೇಕು. ಮಳೆಯಲ್ಲಿ ನೆನೆದಿದ್ದರು, ಕಲ್ಯಾಣಿ ಅಕ್ಕನ ಹೆಸರನ್ನು ಕೇಳದೆಯೇ ಬರೆದರು, ಕಾಗದ ಒದ್ದೆಯಾಗದಂತೆ ಎದೆಗೆ ಒತ್ತಿಕೊಂಡು ಓದಿ ಹೇಳಿದರು: ಪಡುವಣ ಗೋಡೆ ಕುಸಿದಿದೆ, ಮನೆ ವಾಸಕ್ಕೆ ಯೋಗ್ಯವಲ್ಲ, ಪೂರ್ಣ ಹಾನಿ.

ನಾನು ಪೆನ್ನು ಹಿಡಿದು ಗೋಡೆಯ ಕಡೆ ನೋಡಿದೆ. ಅದು ಅಲ್ಲೇ ಇತ್ತು.

"ಸರ್, ಗೋಡೆ ನಿಂತಿದೆಯಲ್ಲ" ಎಂದೆ.

"ಇವತ್ತು ನಿಂತಿದೆ."

"ಮಹಜರು ಇವತ್ತಿನದ್ದೇ ಅಲ್ವಾ?"

ಅವರು ನನ್ನನ್ನು, ನನ್ನ ನೋಟ್‌ಬುಕ್ಕನ್ನು, ಮರಳಿನ ಕಡ್ಡಿಗಳನ್ನು ನೋಡಿದರು. ಮೊಯ್ದಿನ್ ಬ್ಯಾರಿ ಅವರ ಕಿವಿಯಲ್ಲಿ ಏನೋ ಹೇಳಿದರು. ಆಮೇಲೆ ಅವರ ದನಿಯೇ ಬದಲಾಯಿತು. "ಹೇಗೆ ಬರೆಯುವುದು ಸರ್? ನೀವೇ ಹೇಳಿ."

ಹೇಳಿದೆ. ಗೋಡೆಗೆ ಕೈಯಿಟ್ಟು, ಬಿರುಕಿನ ಉದ್ದವನ್ನು ಗೇಣಿನಲ್ಲಿ ಅಳೆದು, ಮೂರೂವರೆ ಗೇಣು ಎಂದು ಬರೆಸಿದೆ. ಗೋಡೆಯಿಂದ ಕಡಲಿನವರೆಗೆ ನಡೆದು, ಹನ್ನೊಂದು ಹೆಜ್ಜೆ ಎಂದು ಬರೆಸಿದೆ. ಹೆಜ್ಜೆಯೆಂದರೆ ಎರಡೂವರೆ ಅಡಿ ಎಂಬುದನ್ನೂ ಸೇರಿಸಿದೆ, ಮುಂದೆ ಯಾರಿಗೂ ಗೊಂದಲವಾಗದಿರಲಿ ಎಂದು. ಪೂರ್ಣ ಹಾನಿ ಹೋಗಿ ಭಾಗಶಃ ಹಾನಿ ಎಂದಾಯಿತು. ಕಲ್ಯಾಣಿ ಅಕ್ಕ ಚಹಾದ ಗ್ಲಾಸುಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಗೋಡೆ ಉಂಟು ಅಂತ ನನಗೂ ಗೊತ್ತುಂಟು" ಎಂದರು. "ನಾನು ದಿನಾ ಅದಕ್ಕೆ ಬೆನ್ನು ಕೊಟ್ಟೇ ಮಲಗುದಲ್ವಾ."

ಮೊಯ್ದಿನ್ ಬ್ಯಾರಿ ಕಣ್ಣು ಮಿಟುಕಿಸಿ, "ನೀವು ಸುಮ್ಮನಿರಿ ಕಲ್ಯಾಣಿ ಅಕ್ಕ. ದೊಡ್ಡವರಿಗೆ ಏನೋ ಒಂದು ಆಲೋಚನೆ ಉಂಟು" ಎಂದರು. ನನಗೆ ಯಾವ ಆಲೋಚನೆಯೂ ಇರಲಿಲ್ಲ. ಸಹಿ ಹಾಕಿದೆ. ಸಹಿ ಚೆನ್ನಾಗಿಯೇ ಬಂತು.

ಆ ರಾತ್ರಿ ಊಟಕ್ಕೆ ಗಂಜಿಯ ಜೊತೆ ಹುರಿದ ಬಂಗುಡೆ ಬಂತು, ಒಂದಲ್ಲ, ಎರಡು. ಹಿಂದಿನ ದಿನ ಉಪ್ಪಿನಕಾಯಿ ಮಾತ್ರ ಇತ್ತು. ನಾನು ಮೊದಲನೆಯದರ ಮುಳ್ಳು ಬಿಡಿಸುತ್ತಿರುವಾಗ ಕಲ್ಯಾಣಿ ಅಕ್ಕ ಎದುರು ಕೂತು, "ಮೇಲಿನವರಿಗೆ ನೀವು ಹೇಳ್ತೀರಿ ಅಲ್ವಾ?" ಎಂದರು.

"ಯಾರಿಗೆ?"

"ಎಂತ, ಯಾರಿಗೆ ಅಂತ ಕೇಳ್ತೀರಿ? ನಿಮ್ಮ ಆಫೀಸಿನವರಿಗೆ. ಈ ಸ್ಕೂಟರಿನವರಿಂದ ಆಗದ್ದು ನಿಮ್ಮಿಂದ ಆಗ್ತದೆ ಅಂತ ಬ್ಯಾರಿ ಹೇಳಿದ್ರು. ಅದಕ್ಕೇ ನಾನು ಬಾಯಿ ಬಿಡಲಿಲ್ಲ."

ಆಗ ನನಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ನಾನು ವೇಬ್ರಿಡ್ಜ್‌ನಲ್ಲಿ ಲಾರಿಯ ತೂಕ ಬರೆಯುವವನೆಂದು ಹೇಳಿದೆ. ಹೇಳಲು ಬಹಳ ಹೊತ್ತು ಬೇಕಾಗಲಿಲ್ಲ. ಅವರು ನನ್ನ ತಟ್ಟೆಯನ್ನು ನೋಡಿದರು. "ಹಾಗಾದರೆ ಆ ಕಡ್ಡಿ ಎಲ್ಲ ಎಂತಕ್ಕೆ ಊರಿದ್ದು ಮಾರಾಯ್ರೆ?" ಎಂದು ಕೇಳಿದರು. ವಿಶ್ರಾಂತಿಗೆ ಎಂದೆ. ಅವರು ಎರಡನೆಯ ಬಂಗುಡೆಯನ್ನು ವಾಪಸು ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡಿದ್ದರೆ ನನಗೆ ಊಟ ಸೇರುತ್ತಿತ್ತು.

ಬೆಳಿಗ್ಗೆ ಎದ್ದವನೇ ಸ್ಕೂಟರಿನ ಆ ಕಚೇರಿಯವರಿಗೆ ಫೋನು ಮಾಡಿದೆ. ಪಟ್ಟಿ ಹೋಗಿಯಾಯಿತು ಎಂದರು. ನಾನು ಯಾರೆಂದು ಹೇಳಿದೆ. "ವೇಬ್ರಿಡ್ಜಾ?" ಎಂದರು. ಬೈಯಲಿಲ್ಲ. ಮತ್ತೊಮ್ಮೆ "ವೇಬ್ರಿಡ್ಜಾ?" ಎಂದು ಕೇಳಿ ಇಟ್ಟುಬಿಟ್ಟರು.

ಗೋಡೆ ಬಿದ್ದದ್ದು ಆ ದಿನವೇ, ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ. ನಾನು ಅಂಗಳದಲ್ಲಿದ್ದೆ. ದೊಡ್ಡ ಅಲೆ ಬಂದು ಬಡಿಯಿತು, ಗೋಡೆ ಉರುಳಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಹಾಗೆ ಆಗಲಿಲ್ಲ. ಅಲೆಗಳು ಹಿಂದಿನ ದಿನದಷ್ಟೇ ಇದ್ದವು. ಗೋಡೆಯ ತಳದ ಪಂಚಾಂಗದ ಕಲ್ಲಿನ ಅಡಿಯಿಂದ ಮರಳು ತೆಳ್ಳಗೆ, ಸಕ್ಕರೆ ಸುರಿದಂತೆ ಜಾರತೊಡಗಿತು. ಮಾಡಿನಿಂದ ಒಂದು ಹಂಚು ಬಿತ್ತು. ಸ್ವಲ್ಪ ಬಿಟ್ಟು ಇನ್ನೆರಡು. ಆಮೇಲೆ ಗೋಡೆ ಆಚೆಗೂ ಬೀಳದೆ, ಈಚೆಗೂ ಬೀಳದೆ, ಸುಸ್ತಾದ ಮುದುಕರು ನೆಲಕ್ಕೆ ಕೂರುವಂತೆ ನಿಂತಲ್ಲೇ ಕೂತುಬಿಟ್ಟಿತು. ಮೊಯ್ದಿನ್ ಬ್ಯಾರಿ ರಸ್ತೆ ದಾಟಿ ಓಡಿ ಬಂದು, ಕೂಗಿಕೊಂಡೇ ಒಳಗೆ ನುಗ್ಗಿದರು. ಅರವತ್ತೆಂಟು ವರ್ಷದ ಮನುಷ್ಯ. ಕಲ್ಯಾಣಿ ಅಕ್ಕನ ತೋಳು ಹಿಡಿದು ಹೊರಗೆ ತಂದರು. ಅಕ್ಕನ ಕೈಯಲ್ಲಿ ಅನ್ನದ ಪಾತ್ರೆ ಇತ್ತು, ಮುಚ್ಚಳ ಸಮೇತ. ಅಷ್ಟು ಹೊತ್ತು ನಾನು ಏನು ಮಾಡುತ್ತಿದ್ದೆ ಎಂದರೆ, ಗಡಿಯಾರ ನೋಡಿದೆ. ಎರಡೂ ಹತ್ತು ಎಂಬುದು ನನಗೆ ತಿಳಿದಿರುವುದು ಅದರಿಂದ. ಆ ಮೇಲೆ ಯಾರೂ ನನ್ನ ಹತ್ತಿರ ಸಮಯ ಕೇಳಲಿಲ್ಲ.

ಬಯ್ಗುಳಕ್ಕೆ ಕಾದು ನಿಂತೆ. ಕಲ್ಯಾಣಿ ಅಕ್ಕ ಪಾತ್ರೆಯನ್ನು ಮುರಿದ ದೋಣಿಯ ಮೇಲಿಟ್ಟು, ಸೆರಗಿನಿಂದ ಮುಖದ ಧೂಳು ಒರೆಸಿಕೊಂಡರು. "ನಿನ್ನೆ ನಿಂತಿತ್ತು" ಎಂದರು. "ನೀವು ಸುಳ್ಳು ಹೇಳಿದ್ದಲ್ಲ."

ನನ್ನ ಜೀವಮಾನದಲ್ಲಿ ಯಾರೂ ನನ್ನ ನಿಖರತೆಯನ್ನು ಇಷ್ಟು ಸರಿಯಾಗಿ ಒಪ್ಪಿಕೊಂಡಿರಲಿಲ್ಲ. ನಾನು ಮರಳಿನ ಮೇಲೆ ಕೂತೆ.

ಮುಂದಿನ ಸೋಮವಾರ ರಜೆ ಹಾಕಿ ಅವರೊಡನೆ ಕಚೇರಿಗೆ ಹೋದೆ. ಇಪ್ಪತ್ತೆರಡು ವರ್ಷಗಳಲ್ಲಿ ಅದು ನಾನೇ ಕೇಳಿ ಹಾಕಿದ ಮೊದಲ ರಜೆ. ಅಷ್ಟರಲ್ಲಿ ಕಲ್ಯಾಣಿ ಅಕ್ಕ ಮೊಯ್ದಿನ್ ಬ್ಯಾರಿಯ ಅಂಗಡಿಯ ಹಿಂದಿನ ಕೋಣೆಯಲ್ಲಿ, ಅಕ್ಕಿ ಮೂಟೆಗಳ ಪಕ್ಕ ಚಾಪೆ ಹಾಕಿಕೊಂಡಿದ್ದರು. ಮಗ ಬೋಟಿನಿಂದ ಇಳಿದಿರಲಿಲ್ಲ. ಇಳಿದ ಮೇಲೆ ಯಾವ ಮನೆಗೆ ಬರಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಕಚೇರಿಯ ಆ ಒಳ್ಳೆಯ ಮನುಷ್ಯ ನನ್ನನ್ನು ನೋಡಿ ಎದ್ದು ನಿಲ್ಲಲು ಹೋಗಿ, ನೆನಪಾಗಿ, ಮತ್ತೆ ಕೂತರು.

"ಸರ್, ಗೋಡೆ ಬಿದ್ದಿದೆ" ಎಂದೆ. "ನಾನೇ ನೋಡಿದ್ದೇನೆ. ಸಮಯವೂ ಗೊತ್ತುಂಟು."

"ಸಮಯ ಬೇಡ ಮಾರಾಯ್ರೆ" ಎಂದರು. ಫೈಲಿನಿಂದ ಕಾಗದ ತೆಗೆದು ನನ್ನ ಕಡೆ ತಿರುಗಿಸಿದರು. "ನೋಡಿ, ಗೋಡೆ ಉಂಟು ಅಂತ ಉಂಟು. ಗೇಣು ಉಂಟು, ಹೆಜ್ಜೆ ಉಂಟು, ಹೆಜ್ಜೆಗೆ ಎಷ್ಟು ಅಡಿ ಅಂತಲೂ ಉಂಟು. ಇಷ್ಟು ಚೆಂದದ ಮಹಜರು ಈ ತಾಲೂಕಿನಲ್ಲೇ ಇಲ್ಲ. ಇದನ್ನು ಈಗ ಸುಳ್ಳು ಅಂತ ಹೇಗೆ ಹೇಳುದು?"

ಹೊಸದಾಗಿ ಅರ್ಜಿ ಕೊಡಬೇಕು, ಹೊಸ ಮಹಜರು ಆಗಬೇಕು, ಮುಂದಿನ ಪಟ್ಟಿಗೆ ಕಾಯಬೇಕು. ಮುಂದಿನ ಪಟ್ಟಿ ಯಾವಾಗ ಎಂದು ಕಲ್ಯಾಣಿ ಅಕ್ಕ ಕೇಳಿದರು. "ಬಂದಾಗ ಬರ್ತದೆ ಅಕ್ಕ" ಎಂದರು ಅವರು, ಮೇಜಿನ ಕಡೆ ನೋಡುತ್ತ. "ಅರ್ಜಿ ಕೊಟ್ಟು ಹೋಗಿ. ಇಬ್ಬರು ಸಾಕ್ಷಿ ಬೇಕು."

ನಾನು ಜೇಬಿನಿಂದ ಪೆನ್ನು ತೆಗೆದೆ. ನನಗಿಂತ ಒಳ್ಳೆಯ ಸಾಕ್ಷಿ ಯಾರಿದ್ದಾರೆ? ಗೋಡೆ ನಿಂತದ್ದನ್ನೂ ನೋಡಿದವನು, ಬಿದ್ದದ್ದನ್ನೂ ನೋಡಿದವನು. ಕಲ್ಯಾಣಿ ಅಕ್ಕ ನನ್ನ ಕೈಯ ಮೇಲೆ ತಮ್ಮ ಕೈಯಿಟ್ಟರು, ಮೆಲ್ಲಗೆ, ಬಸ್ಸಿನಲ್ಲಿ ನಿದ್ದೆ ಹೋದವರನ್ನು ಎಬ್ಬಿಸುವ ಹಾಗೆ.

"ನೀವು ಬೇಡ" ಎಂದರು. "ಬ್ಯಾರಿ ಬರ್ತಾರೆ, ಇನ್ನೊಬ್ಬರನ್ನು ನಾನೇ ಹುಡುಕ್ತೇನೆ. ನೀವು ಹೊರಗೆ ಕೂತು ವಿಶ್ರಾಂತಿ ತೆಗೊಳ್ಳಿ."

ಹೊರಗೆ ಜಗಲಿಯಲ್ಲಿ ಒಂದು ಬೆಂಚಿತ್ತು. ಅದರ ಎಡಗಡೆಯ ಕಾಲು ಒಂದು ಬೆರಳಿನಷ್ಟು ಮೋಟಾಗಿತ್ತು. ಆಗಲೇ ಮೂವರು ಅದರ ಮೇಲೆ ಕೂತಿದ್ದರು. ನಾನು ಯಾರಿಗೂ ಏನೂ ಹೇಳದೆ, ನಾಲ್ಕನೆಯವನಾಗಿ ಕೂತೆ.