ಕೊಂಬಿನ ದುಂಬಿಯವರಿಗೆ, ಜಾಗ ಬಿಟ್ಟುಕೊಡಲು ಕೋರಿ

ಮಾನ್ಯ ಕೊಂಬಿನ ದುಂಬಿಯವರೇ,

ಉಪ್ಪಲ್‌ನ ನಮ್ಮ ಮೂರನೇ ಮಹಡಿಯ ಮನೆಯಲ್ಲಿ, ಊಟದ ಮೇಜಿನ ಮೇಲೆ, ಮೂರು ಸ್ಟುಡಿಯೋ ದೀಪಗಳ ಬೆಳಕಿನಲ್ಲಿ ನಾಲ್ಕು ದಿನಗಳಿಂದ ವಿರಾಜಮಾನರಾಗಿರುವ ತಮಗೆ ಶಾಮಲಾ ಜಯತೀರ್ಥಳ ಅನಂತ ನಮಸ್ಕಾರಗಳು. ಮೇಜಿನ ಮೇಲೆ ಜಾಗವಿಲ್ಲದ್ದರಿಂದ ಅಡುಗೆಕಟ್ಟೆಯ ಮೇಲೆ ಕಾಗದವಿಟ್ಟು ನಿಂತುಕೊಂಡೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಮನ್ನಿಸಬೇಕು.

ನಮ್ಮನೆಯವರು ರಕ್ಷಣಾ ಕಾರ್ಖಾನೆಯೊಂದರ ಫೋಟೊ ವಿಭಾಗದಲ್ಲಿ ಮೂವತ್ತೊಂದು ವರ್ಷ ಕಬ್ಬಿಣದ ಬಿರುಕುಗಳ ಚಿತ್ರ ತೆಗೆದು ಈ ತಿಂಗಳ ಕೊನೆಗೆ ನಿವೃತ್ತರಾಗಲಿದ್ದಾರೆಂಬುದು ತಮಗೆ ತಿಳಿದೇ ಇರುತ್ತದೆ, ಏಕೆಂದರೆ ಈಚೆಗೆ ಅವರು ಮಾತಾಡುವುದು ತಮ್ಮೊಂದಿಗೆ ಮಾತ್ರ. ಬಾಲ್ಕನಿಯ ದೀಪಕ್ಕೆ ಹಾರಿಬಂದು ಬಿದ್ದ ತಮ್ಮನ್ನು ಎರಡೂ ಕೈಯಲ್ಲಿ ಎತ್ತಿ ತಂದಾಗ ಅವರ ಮುಖದಲ್ಲಿದ್ದ ಕಳೆಯನ್ನು ನಮ್ಮ ಮದುವೆಯ ಹೊತ್ತಿನಲ್ಲೂ ನಾನು ಕಂಡಿರಲಿಲ್ಲ. ತಮ್ಮ ಫೋಟೊ ತೆಗೆಯಲೆಂದು ಕಾಚಿಗೂಡದ ಮದುವೆ ಫೋಟೊಗ್ರಾಫರ್ ಮೋಹನರ ಹತ್ತಿರದಿಂದ ದೀಪಗಳು ಬಂದವು. ತಮ್ಮ ಬೆನ್ನಿನ ಮೇಲೆ ಬೆಳಕು ಮೆತ್ತಗೆ ಬೀಳಲೆಂದು ಮಡಿ ಪಂಚೆಯನ್ನೇ ದೀಪದ ಮುಂದೆ ಪರದೆಯಾಗಿ ಕಟ್ಟಿದರು; ಅಂದಿನಿಂದ ದೇವರ ಪೂಜೆ ಟವೆಲ್ ಸುತ್ತಿಕೊಂಡೇ ನಡೆದಿದೆ. ತಮ್ಮ ಮೀಸೆ ಅಲುಗಬಾರದೆಂದು ಫ್ಯಾನ್ ಬಂದ್. ತಾವು ಓಡಾಡಿ ದಣಿಯಬಾರದೆಂದು ಆಗಾಗ ಫ್ರಿಜ್ಜಿನಲ್ಲಿ, ಮೊಸರಿನ ಪಾತ್ರೆಯ ಪಕ್ಕ ತಮಗೆ ವಿಶ್ರಾಂತಿ. ಬೆವರುವ ಕೆಲಸ ನನ್ನದು.

‘ಹಂಗ ಸ್ವಲ್ಪ ಎಡಕ್ಕ ಸರೀರಿ, ಭಾಳ ಛಂದ ಕಾಣಾಕತ್ತೀರಿ’ ಎಂದು ಅವರು ತಮ್ಮನ್ನು ಬೇಡಿಕೊಳ್ಳುವುದನ್ನು ರೊಟ್ಟಿ ಬಡಿಯುತ್ತಾ ಕೇಳಿಸಿಕೊಂಡಿದ್ದೇನೆ. ನಿನ್ನೆ ತಾವು ಸತ್ತಂತೆ ಅಂಗಾತ ಬಿದ್ದಾಗ ಮೆತ್ತನೆಯ ಕುಂಚದಿಂದ ಎತ್ತಿ ಕೂರಿಸಿದರು. ಅದೇ ಸಂಜೆ ದೀಪದ ವೈರ್‌ಗೆ ಕಾಲು ಸಿಕ್ಕಿ ನಾನೂ ಬಿದ್ದೆ; ‘ಲೈಟಿಗೇನೂ ಆಗಿಲ್ಲಲ್ಲಾ?’ ಎಂದರು. ಹೌದು, ನನಗೆ ಹೊಟ್ಟೆಕಿಚ್ಚಾಗಿದೆ. ಮುಚ್ಚಿಟ್ಟು ಏನು ಪ್ರಯೋಜನ?

ಇನ್ನು ಮುಖ್ಯ ವಿಷಯ. ಪಿಂಚಣಿಯ ಕಾಗದಗಳಿಗೆ ಗಂಡಹೆಂಡಿರ ಜಂಟಿ ಫೋಟೊ ಅಂಟಿಸಬೇಕು; ನಾಳೆ ಅವರಿಲ್ಲದ ಕಾಲಕ್ಕೆ ಇವಳೇ ಅವರ ಹೆಂಡತಿ ಎಂದು ಸರ್ಕಾರ ಗುರುತು ಹಿಡಿಯುವುದು ಅದರಿಂದಲೇ. ತಮ್ಮ ಸೇವೆಯ ನಡುವೆ ಅವರು ನನ್ನನ್ನು ಕಪಾಟಿನ ಪಕ್ಕ ನಿಲ್ಲಿಸಿಕೊಂಡು, ಮೊಬೈಲನ್ನು ಕೈಚಾಚಿ ಹಿಡಿದು, ಅರ್ಧ ನಿಮಿಷದಲ್ಲಿ ಆ ಕೆಲಸ ಮುಗಿಸಿದರು. ಅದರಲ್ಲಿ ನನ್ನ ಒಂದು ಕಿವಿಯೂ ಕಪಾಟಿನ ಹಿಡಿಕೆಯೂ ಬಹಳ ಸ್ಪಷ್ಟವಾಗಿ ಮೂಡಿವೆ. ಆಫೀಸಿನ ಗೋಪಿನಾಥರು ‘ಮೇಡಂ ಎಕ್ಕಡ ಸಾರ್?’ ಎಂದು ತೆಲುಗಿನಲ್ಲಿ ನನ್ನನ್ನು ಹುಡುಕಿ, ಸಿಗದೆ, ಕಾಗದ ವಾಪಸು ಕೊಟ್ಟರು. ಹೊಸ ಫೋಟೊ ಕೊಡಲು ನಾಳೆಯೇ ಕೊನೆಯ ದಿನ.

ಆದಕಾರಣ ತಮ್ಮಲ್ಲಿ ವಿನಂತಿ: ನನಗಿಂತ ತಮ್ಮ ಮುಖವೇ ಅವರಿಗೆ ಹೆಚ್ಚು ಪರಿಚಯವಿರುವುದರಿಂದ ತಾವೇ ನನ್ನ ಸ್ಥಾನದಲ್ಲಿ ನಿಂತು ಫೋಟೊ ತೆಗೆಸಿಕೊಂಡು, ಮುಂದಿನ ಎಡಗಾಲಿನಿಂದ ಮೂರು ಪ್ರತಿಗಳಿಗೆ ಸಹಿ ಹಾಕಿ, ಮುಂದೆ ಅವರಿಲ್ಲದ ಕಾಲಕ್ಕೆ ಪ್ರತಿ ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ ಬದುಕಿದ್ದೇನೆಂದು ತೋರಿಸಿ ಬರಬೇಕು. ಅಷ್ಟು ಆಗದಿದ್ದರೆ ದಯಮಾಡಿ ಬಾಲ್ಕನಿಯ ಕರಿಬೇವಿನ ಕುಂಡಕ್ಕೆ ಬಿಜಯಂಗೈಯಬೇಕು. ಸಾಹೇಬರು ಸ್ನಾನಕ್ಕೆ ಹೋಗಿದ್ದಾರೆ. ಬಾಳೆಹಣ್ಣಿನ ಸಮೇತ ತಮ್ಮನ್ನು ನಾನೇ ಬಿಟ್ಟುಬರುತ್ತೇನೆ. ದೀಪಗಳು ಇದ್ದಲ್ಲೇ ಇರಲಿ. ಇಳಕಲ್ ಸೀರೆ ಉಟ್ಟು ಸಿದ್ಧಳಾಗಿದ್ದೇನೆ.

ತಮ್ಮ ಆಸನದ ಮುಂದಿನ ಹಕ್ಕುದಾರಳೂ
ತಮ್ಮ ವಿಶ್ವಾಸಿಯೂ ಆದ,
ಶಾಮಲಾ

ತಾ.ಕ.: ತಾವು ಹೋದ ಮೇಲೆ ದೀಪಗಳ ನಡುವೆ ಕುರ್ಚಿ ಹಾಕಿಕೊಂಡು ಕುಳಿತೆ. ಅವರು ಬಂದು ಮೇಜು ನೋಡಿದರು, ನನ್ನನ್ನು ನೋಡಿದರು, ಒಂದು ದೀಪವನ್ನು ಗೇಣು ದೂರ ಸರಿಸಿದರು. ನಲವತ್ತು ಸಲ ಕ್ಲಿಕ್ಕಿಸಿದರು. ನಾನು ಇಷ್ಟು ಚೆನ್ನಾಗಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಜಂಟಿ ಫೋಟೊ ಎಂಬುದು ಮಾತ್ರ ಇಬ್ಬರಿಗೂ ಮರೆತುಹೋಯಿತು; ನಲವತ್ತರಲ್ಲಿ ಒಂದರಲ್ಲೂ ಅವರಿಲ್ಲ.