ನಮ್ಮತ್ತೆ ಟಿವಿ ನೋಡುವ ಚೆಂದ

ಟಿವಿಯಲ್ಲಿ ಏನು ಬಂತು ಎಂದು ಕೇಳುವವರು ಬಹಳ ಜನ. ಟಿವಿ ಮುಂದೆ ಏನು ನಡೆಯಿತು ಎಂದು ಯಾರೂ ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಅದು ವಾರಕ್ಕೊಮ್ಮೆಯಾದರೂ ನಡೆಯುತ್ತಲೇ ಇರುತ್ತದೆ.

ಸೊರಬದ ಕಡೆಯವರಾದ ನಮ್ಮತ್ತೆ ಮಂಡಿನೋವಿನ ಚಿಕಿತ್ಸೆಗೆಂದು ಶಿಕಾರಿಪುರದ ನಮ್ಮ ಮನೆಗೆ ಬಂದವರು ಇಲ್ಲೇ ಉಳಿದರು. ಹೆಂಡತಿ ಶಾಲೆಯಲ್ಲಿ ಟೀಚರು, ನಾನು ಪಶು ಆಸ್ಪತ್ರೆಯ ನೌಕರ. ಹಗಲು ಮನೆಯಲ್ಲಿ ಉಳಿಯುವವರು ಅತ್ತೆ ಮತ್ತು ನಮ್ಮಪ್ಪ. ಬೀಗರು ಎದುರುಬದುರು ಕೂತು ಮಾತಾಡುವುದಾದರೂ ಏನನ್ನು? ಮನೆ ವಿಷಯ ತೆಗೆದರೆ ಎಲ್ಲಿ ಮನಸ್ತಾಪ ಬರುತ್ತದೋ ಎಂದು ಇಬ್ಬರಿಗೂ ಅಂಜಿಕೆ. ಹಾಗಾಗಿ ಸಿನಿಮಾ ವಿಷಯ ಮಾತಾಡತೊಡಗಿದರು.

ಕುರಿಗೆ ನೀರು

ಒಂದು ಭಾನುವಾರ ಮಧ್ಯಾಹ್ನ ಕಪ್ಪು ಬಿಳುಪಿನ ಹಳೇ ದೆವ್ವದ ಸಿನಿಮಾ ಬರುತ್ತಿತ್ತು. ಪಾಳು ಬಂಗಲೆ, ಬಿಳಿ ಸೀರೆಯ ಹೆಂಗಸು, ಕೈಯಲ್ಲಿ ದೀಪ.

ನಮ್ಮಪ್ಪ ತಾಳಗುಂದದ ಹೊಲಗಳಲ್ಲಿ ಕುರಿ ಮಂದೆಯ ಜೊತೆ ಬಯಲಲ್ಲೇ ಮಲಗಿ ಆಯುಷ್ಯ ಕಳೆದವರು. ಈಗಲೂ ಹಿತ್ತಲಲ್ಲಿ ಆರು ಕುರಿ ಇಟ್ಟುಕೊಂಡಿದ್ದಾರೆ. ಕತ್ತಲೆಗೆ ಹೆದರದ ಮನುಷ್ಯ. ಆದರೆ ಟಿವಿಯಲ್ಲಿ ಗೆಜ್ಜೆ ಸದ್ದು ಕೇಳಿದ್ದೇ ತಡ, "ಕುರಿಗೆ ನೀರಿಟ್ಟು ಬರ್ತೀನಿ" ಎಂದು ಎದ್ದರು.

ಅತ್ತೆ ಅವರೆಕಾಳು ಬಿಡಿಸುತ್ತಾ ಕೂತಿದ್ದರು. ಅವರಿಗೆ ಹೆದರಿಕೆಯ ಸುಳಿವೇ ಇಲ್ಲ, ಇದ್ದದ್ದೆಲ್ಲ ಅನುಮಾನ.

"ಅಲ್ಲ ಅಳಿಯಂದ್ರೇ, ಆ ಬಂಗ್ಲೆಲಿ ಮೂವತ್ತು ವರ್ಷದಿಂದ ಯಾರೂ ಇಲ್ಲ ಅಂತಾರೆ. ದೀಪಕ್ಕೆ ಎಣ್ಣೆ ಹಾಕೋರು ಯಾರು? ಸೀರೆ ನೋಡಿ, ಇಸ್ತ್ರಿ ಹಾಕಿದ ಹಾಗಿದೆ. ನಂಗೆ ಇಷ್ಟು ದಿನ ಬದುಕಿದ್ರೂ ಒಂದು ಬಿಳಿ ಸೀರೆನ ಹಾಗೆ ಇಟ್ಕೊಳ್ಳೋಕೆ ಆಗ್ಲಿಲ್ಲ."

ಅಪ್ಪ ಬಂದು ಕೂತರು. ಗೆಜ್ಜೆ ಸದ್ದಾಯಿತು. ಅಪ್ಪ ಮತ್ತೆ ಎದ್ದರು. ಹೀಗೆ ಐದು ಸಲ. ಆರನೇ ಸಲ ಹೊರಗೆ ಹೋದವರು ಬರಲೇ ಇಲ್ಲ. ಅತ್ತೆ ಕಿಟಕಿಯಿಂದ ಹಿತ್ತಲಿಗೆ ಇಣುಕಿ ನೋಡಿ, ಬಹಳ ಮರ್ಯಾದೆಯಿಂದ ಹೇಳಿದರು:

"ಬೀಗ್ರೇ, ಬಾನಿ ತುಂಬಿ ಹರೀತಾ ಇದೆ. ದೆವ್ವ ಹೋಗಿ ಹತ್ತು ನಿಮಿಷ ಆಯ್ತು. ಒಳಗೆ ಬನ್ನಿ."

ಮಾವ ಊಟ ಮಾಡಿದ್ರಾ

ಹಳೇ ಕಾಲದ ಕಾರ್ಟೂನುಗಳೆಂದರೆ ಅತ್ತೆಗೆ ಬಹಳ ಪ್ರೀತಿ. ಈಗಿನವು ಬರೀ ಮಾತಾಡುತ್ತವಂತೆ, ಹಳೆಯವು ಕೆಲಸ ಮಾಡುತ್ತವಂತೆ. ಅವರಿಗೆ ಅಚ್ಚುಮೆಚ್ಚಿನದು, ನರಿಯೊಂದು ಕೋಳಿಗೂಡಿಗೆ ನುಗ್ಗಲು ಒದ್ದಾಡುವ ಕಾರ್ಟೂನು. ಎಲ್ಲರೂ ಕೋಳಿಯ ಪಕ್ಷವಾದರೆ ಅತ್ತೆ ನರಿಯ ಪಕ್ಷ. ಹಸಿದ ಜೀವವನ್ನು ಕಂಡರೆ ಅವರಿಗೆ ತಡೆಯದು.

ಒಂದು ದಿನ ಆ ಕಾರ್ಟೂನು ಬೆಳಗಿನಿಂದ ಸಾಲಾಗಿ ಬರುತ್ತಿತ್ತು. ಅಪ್ಪ ಬೇಗ ಊಟ ಮುಗಿಸಿ ಜಗಲಿಯಲ್ಲಿ ಕಂಬಳಿ ಹೊದ್ದು ಮಲಗಿದ್ದರು. ಶಾಲೆಯ ಬಿಡುವಿನಲ್ಲಿ ನನ್ನ ಹೆಂಡತಿ ಫೋನ್ ಮಾಡಿದಳು.

"ಅಮ್ಮಾ, ಮಾವ ಊಟ ಮಾಡಿದ್ರಾ?"

ಅತ್ತೆಯ ಕಣ್ಣು ಟಿವಿಯ ಮೇಲೆ. "ಎಂಥ ಊಟ ಮಾರಾಯ್ತಿ. ಬೆಳಗ್ಗಿಂದ ಹೊಟ್ಟೆಗೇನೂ ಇಲ್ಲ. ಈಗ ಮಾಡಿನ ಮೇಲಿಂದ ಬಿದ್ದಾಯ್ತು."

"ಅಯ್ಯೋ, ಮಾಡಿನ ಮೇಲೆ ಯಾಕೆ ಹತ್ತಿದ್ದು?"

"ಕೋಳಿ ಹಿಡಿಯೋಕೆ. ಬಿದ್ದ ಮೇಲೆ ತಲೆ ಮೇಲೆ ಕಲ್ಲು ಬೇರೆ ಬಿತ್ತು. ಈಗ ಅಲ್ಲಾಡ್ತಾನೇ ಇಲ್ಲ. ಇರು, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಟ್ಟರು.

ಮತ್ತೆ ಮಾಡಿದರೆ ಎತ್ತಲಿಲ್ಲ. ಹೆಂಡತಿ ಜೊತೆಯ ಇಬ್ಬರು ಟೀಚರುಗಳನ್ನು ಕರೆದುಕೊಂಡು ಆಟೋದಲ್ಲಿ ಓಡಿ ಬಂದಳು. ಜಗಲಿಯಲ್ಲಿ ತಲೆತನಕ ಕಂಬಳಿ ಹೊದ್ದ ಮಾವ. ಅಲ್ಲಾಟವಿಲ್ಲ. ಒಳಗೆ ಅಮ್ಮ ಟಿವಿ ನೋಡುತ್ತಿದ್ದಾರೆ. ಅವಳು ಅಲ್ಲೇ ಕುಸಿದು ಅಳತೊಡಗಿದಳು. ಜೊತೆಗೆ ಬಂದವರೂ ಕಣ್ಣೊರೆಸಿಕೊಂಡರು.

ಅಪ್ಪ ಕಂಬಳಿ ಸರಿಸಿದರು. ಸುತ್ತ ಮೂವರು ಹೆಂಗಸರು ಅಳುತ್ತಿರುವುದನ್ನು ನೋಡಿ, ಗಾಬರಿಯಿಂದ ಒಳಗೆ ತಿರುಗಿ ಕೇಳಿದರು:

"ಬೀಗ್ತಿಯೋರ, ಯಾರು ಹೋದ್ರಂತ್ರಿ?"

ಬಾವಿಯಲ್ಲಿ ಯಾರಿದ್ದರು

ಅತ್ತೆಯ ಊರು ಗುಡವಿಯ ಹತ್ತಿರ. ಅಲ್ಲಿನ ನೆಂಟರ ಮನೆಯ ಗೃಹಪ್ರವೇಶಕ್ಕೆಂದು ಅವರನ್ನು ಸೊರಬದ ಮೇಲೆ ಹೋಗುವ ಬಸ್ಸಿನಲ್ಲಿ ಕರೆದುಕೊಂಡು ಹೊರಟಿದ್ದೆ. ಶಿರಾಳಕೊಪ್ಪ ದಾಟಿದ ಮೇಲೆ ಪಕ್ಕದ ಸೀಟಿನ ಹೆಂಗಸು ಹೊತ್ತು ಹೋಗುತ್ತಿಲ್ಲ ಎಂದರು. ಅತ್ತೆ ಹಿಂದಿನ ದಿನ ನೋಡಿದ ಹಳೇ ದೆವ್ವದ ಸಿನಿಮಾದ ಕಥೆ ಶುರು ಮಾಡಿದರು.

ಅತ್ತೆ ಕಥೆ ಹೇಳುವಾಗ ಅವಸರ ಮಾಡುವುದಿಲ್ಲ. ಬಾಗಿಲು ಕಿರುಗುಟ್ಟಿದರೆ ಕಿರುಗುಟ್ಟಿಯೇ ತೋರಿಸುತ್ತಾರೆ. ಮುಂದಿನ ಸೀಟಿನವರು ತಿರುಗಿ ಕೂತರು. ಹಿಂದಿನವರು ಎದ್ದು ನಿಂತರು. ಮೊಬೈಲಿನಲ್ಲಿ ಹಾಡು ಹಾಕಿದ್ದವನನ್ನು ನಾಲ್ಕು ಜನ ಗದರಿಸಿ ನಿಲ್ಲಿಸಿದರು. ಕಥೆಯಲ್ಲಿ ಹಾಳು ಬಾವಿಯೊಳಗಿಂದ ಯಾರೋ ನರಳುತ್ತಾರೆ, ನಾಯಕ ಹಗ್ಗ ಇಳಿಬಿಡುತ್ತಾನೆ, ಆ ಕಡೆಯಿಂದ ಹಗ್ಗ ಬಿಗಿಯಾಗುತ್ತದೆ. ಅಷ್ಟರಲ್ಲಿ ನಮ್ಮ ಸ್ಟಾಪ್ ಬಂತು.

"ಬರ್ತೀನಮ್ಮ" ಎಂದು ಅತ್ತೆ ಎದ್ದರು. ನಾನು ಕೈ ಹಿಡಿದು ಇಳಿಸಿದೆ. ಕಂಡಕ್ಟರು ಬಾಗಿಲಲ್ಲಿ ಸೀಟಿ ಬಾಯಿಗಿಟ್ಟುಕೊಂಡು ನಿಂತೇ ಇದ್ದರು. ಊದಲಿಲ್ಲ.

"ಅಮ್ಮಾ, ಬಾವಿಯಲ್ಲಿ ಯಾರಿದ್ರು ಅಂತ ಹೇಳಿ ಹೋಗಿ."

"ನಿಮ್ಮ ಬಸ್ಸಿಗೆ ಲೇಟಾಗ್ತದೆ ಅಲ್ದಾ?"

ಆಗ ಡ್ರೈವರು ಎಂಜಿನ್ ಆಫ್ ಮಾಡಿದರು. ಅತ್ತೆ ರಸ್ತೆಬದಿಯಲ್ಲಿ ನಿಂತು, ಕಿಟಕಿಗಳಿಂದ ಹೊರಬಂದ ತಲೆಗಳ ಕಡೆ ಮುಖಮಾಡಿ ಪೂರ್ತಿ ಕಥೆ ಮುಗಿಸಿದರು. ಕಥೆ ಮುಗಿದ ಮೇಲೆ ಹಿಂದಿನ ಸೀಟಿನಿಂದ ವಯಸ್ಸಾದವರೊಬ್ಬರು ನಿಧಾನವಾಗಿ ಇಳಿದು ಬಂದರು. ಅವರು ಇಳಿಯಬೇಕಾದ ಊರು ಹಿಂದೆಯೇ ಹೋಗಿತ್ತಂತೆ. "ಪರವಾಗಿಲ್ಲ, ನಡ್ಕೊಂಡು ಹೋಗ್ತೀನಿ. ನಡುವೆ ಇಳಿದಿದ್ರೆ ನಿದ್ದೆ ಬರ್ತಿರ್ಲಿಲ್ಲ" ಎಂದರು.

ಬಿಪಿ ಚೀಟಿ

ಕಳೆದ ವರ್ಷ ಅತ್ತೆಗೆ ಬಿಪಿ ಶುರುವಾಯಿತು. ನಮ್ಮ ಬೀದಿಯ ಡಾಕ್ಟರು ದಿನಾ ಸಂಜೆ ಮನೆಯಲ್ಲೇ ನೋಡಿ ಒಂದು ಪುಸ್ತಕದಲ್ಲಿ ಬರೆದಿಡಿ ಎಂದರು. ಕೆಲವು ದಿನ ಸರಿಯಾಗಿರುತ್ತಿತ್ತು, ಕೆಲವು ದಿನ ಏಕಾಏಕಿ ಮೇಲೇರುತ್ತಿತ್ತು. ಉಪ್ಪು ಕಡಿಮೆ ಮಾಡಿದೆವು, ಉಪ್ಪಿನಕಾಯಿ ಭರಣಿಯನ್ನು ಅಟ್ಟಕ್ಕೇರಿಸಿದೆವು. ಏನೂ ಫಲವಿಲ್ಲ. ಮನೆಯಲ್ಲಿ ಎಲ್ಲರಿಗೂ ಭಯ ಹತ್ತಿತು. ಹೆಂಡತಿ ಶಾಲೆಯಿಂದ ಎರಡೆರಡು ಸಲ ಫೋನ್ ಮಾಡುವಂತಾಯಿತು.

ದೆವ್ವದ ಸಿನಿಮಾದಿಂದಲೇ ಹೀಗಾಗುತ್ತಿದೆ ಎಂದು ಹೆಂಡತಿ ಅದನ್ನು ಬಂದ್ ಮಾಡಿಸಿದಳು. ಬಿಪಿ ಇನ್ನೂ ಹೆಚ್ಚಾಯಿತು. ಡಾಕ್ಟರು ಪುಸ್ತಕ ನೋಡಿ, ಮಾತ್ರೆ ಜಾಸ್ತಿ ಮಾಡಬೇಕಾಗುತ್ತದೆ ಎಂದರು. ಆಗ ಜೊತೆಗೆ ಬಂದಿದ್ದ ನಮ್ಮಪ್ಪ ಮೆಲ್ಲಗೆ ಕೆಮ್ಮಿದರು.

"ಡಾಕ್ಟ್ರೇ, ನಾನು ಹೇಳ್ಬಾರ್ದು. ಬೀಗ್ತಿಯೋರು ಅವರು. ಆದ್ರೂ ದಿನಾ ಎದುರಿಗೆ ಕೂತು ನೋಡ್ತೀನಿ. ದೆವ್ವ ಬಂದಾಗ ಅವರಿಗೆ ಏನೂ ಆಗಂಗಿಲ್ರೀ. ಕಾರ್ಟೂನು ಬಂದಾಗ ನಗ್ತಾರ. ಹಳೇ ಸಿನಿಮಾನ ಹೊಸದಾಗಿ ಮಾಡಿ ತೋರಿಸ್ತಾರಲ್ಲ, ಆ ರೀಮೇಕು, ಅದು ಬಂದ ದಿನ ಮಾತ್ರ ಮೈಯೆಲ್ಲ ಬಿಸಿಯಾಗ್ತೈತಿ. ದೆವ್ವ ಬಂದ್ ಆದ ಮ್ಯಾಲ ದಿನಾ ಅದನ್ನೇ ನೋಡ್ತಾರ."

ಡಾಕ್ಟರಿಗೆ ನಂಬಿಕೆ ಬರಲಿಲ್ಲ. ಅತ್ತೆಯ ತೋಳಿಗೆ ಪಟ್ಟಿ ಸುತ್ತಿ ನೋಡಿದರು. ಸರಿಯಾಗಿತ್ತು. "ರೀಮೇಕ್ ಅಂದ್ರೆ ಯಾಕಮ್ಮ ಅಷ್ಟು ಸಿಟ್ಟು?" ಎಂದು ಕೇಳಿದರು.

"ಸಿಟ್ಟಲ್ಲ ಡಾಕ್ಟ್ರೇ, ಸಂಕಟ. ಮೊನ್ನೆ ಒಂದು ಬಂತಲ್ಲ, ಅದ್ರ ಹಳೇದ್ರಲ್ಲಿ ತಾಯಿ ಸಾಯೋ ಹೊತ್ತಿಗೆ ಮಗನ ಹತ್ರ ಒಂದು ಲೋಟ ನೀರು ಕೇಳ್ತಾಳೆ. ಅಷ್ಟೇ. ಟಾಕೀಸಿನಲ್ಲಿ ನಾವೆಲ್ಲ ಅತ್ತಿದ್ವಿ. ಹೊಸದ್ರಲ್ಲಿ ಅದೇ ಹೊತ್ತಿಗೆ ಹೆಲಿಕಾಪ್ಟರ್ ಬರ್ತದೆ. ಅವಳು ನೀರು ಕೇಳಿದ್ದು ಆ ಸದ್ದಲ್ಲಿ ಮಗನಿಗೆ ಕೇಳ್ಸೋದಾದ್ರೂ ಹ್ಯಾಗೆ?"

ಡಾಕ್ಟರು ನಕ್ಕರು. ಹೊಸ ಮಾತ್ರೆ ಬೇಡ, ಒಂದು ವಾರ ರೀಮೇಕ್ ನೋಡದೆ ಇದ್ದು ಬನ್ನಿ ಎಂದು ಚೀಟಿ ಬರೆದುಕೊಟ್ಟರು. ನಾವೂ ಅದನ್ನೇ ಪಾಲಿಸಿದೆವು. ಏಳು ದಿನವೂ ಬಿಪಿ ಹದವಾಗಿತ್ತು. ಎಂಟನೇ ದಿನ ಪುಸ್ತಕ ತೋರಿಸಿದಾಗ ಡಾಕ್ಟರಿಗೆ ಬಹಳ ಖುಷಿಯಾಯಿತು. ಮತ್ತೊಮ್ಮೆ ನೋಡಿಬಿಡೋಣ ಎಂದು ತೋಳಿಗೆ ಪಟ್ಟಿ ಸುತ್ತಿದರು. ಮಿಷನ್ನಿನ ಗುಂಡಿ ಒತ್ತುತ್ತಾ, ಸಲಿಗೆಯಿಂದ ಹೇಳಿದರು:

"ಆದ್ರೂ ಅಮ್ಮ, ನಿಜ ಹೇಳ್ಬೇಕು ಅಂದ್ರೆ ನಂಗೆ ಹೊಸದೇ ಇಷ್ಟ. ಆ ಹೆಲಿಕಾಪ್ಟರ್ ಸೀನ್ ಇದೆಯಲ್ಲ, ಎಂಥಾ ಸೀನ್ ಅದು."

ಅತ್ತೆ ಏನೂ ಮಾತಾಡಲಿಲ್ಲ. ಮಿಷನ್ನು ಮಾತಾಡಿತು. ನೂರ ಎಂಬತ್ತು.

ಡಾಕ್ಟರು ಚೀಟಿ ಎಳೆದುಕೊಂಡು ಒಂದು ಮಾತ್ರೆ ಬರೆದರು.

"ಇದನ್ನ ಯಾವಾಗ ಕೊಡ್ಬೇಕು ಡಾಕ್ಟ್ರೇ?" ಎಂದೆ.

"ನನ್ನ ಹತ್ರ ಕರ್ಕೊಂಡು ಬರೋ ಮುಂಚೆ" ಎಂದರು.